ಕಣ್ಣು ಕೊಟ್ಟೆವು, ಮಿದುಳನ್ನು ಯಾರೂ ಕೇಳಲಿಲ್ಲ

ಅಜ್ಜಿ ತೀರಿಕೊಂಡ ರಾತ್ರಿ ಅಪ್ಪ ನೇತ್ರ ಬ್ಯಾಂಕಿಗೆ ಫೋನ್ ಮಾಡಿದರು. ಇಬ್ಬರು ಬಂದು ಅರ್ಧ ಗಂಟೆಯೊಳಗೆ ಕೆಲಸ ಮುಗಿಸಿ ಹೋದರು. ಊರಿನವರು ಯಾರೂ ಬೇಡ ಅನ್ನಲಿಲ್ಲ. ಡಾ. ರಾಜ್‌ಕುಮಾರ್ ಕಣ್ಣು ಕೊಟ್ಟು ಹೋದ, ಮಗ ಪುನೀತ್ ಕೂಡ ಅದೇ ದಾರಿ ಹಿಡಿದ ರಾಜ್ಯ ನಮ್ಮದು. 2021ರಲ್ಲಿ ಅಪ್ಪು ಹೋದ ಮೇಲೆ ನಾವೆಲ್ಲ ಪಿಯು ಹುಡುಗರು ಸಾಲುಗಟ್ಟಿ ನಿಂತು ನೇತ್ರದಾನದ ಫಾರಂ ತುಂಬಿದ್ದೆವು.

ಆದರೆ ಅಜ್ಜಿಗೆ ಕಾಯಿಲೆ ಇದ್ದದ್ದು ಕಣ್ಣಿಗಲ್ಲ. ಒಲೆಯ ಮೇಲೆ ಹಾಲಿಟ್ಟು ಮರೆಯುವುದರಿಂದ ಶುರುವಾದದ್ದು ತುತ್ತು ನುಂಗುವುದನ್ನೇ ಮರೆಯುವಲ್ಲಿಗೆ ಮುಟ್ಟಿತು. ಕೊನೆಯ ವರ್ಷಗಳಲ್ಲಿ ನನ್ನನ್ನು ತನ್ನ ತಮ್ಮ ಎಂದೇ ಕರೆಯುತ್ತಿದ್ದಳು. ಊರವರಿಗೆ ಅದು ಅರಳುಮರಳು. ವೈದ್ಯರು ‘ಆಲ್ಝೈಮರ್ ಇರಬಹುದು’ ಎಂದಿದ್ದರು. ಆ ‘ಇರಬಹುದು’ ಎಂಬುದನ್ನು ಪೂರ್ತಿ ಖಚಿತಪಡಿಸಬಲ್ಲ ಸಾಕ್ಷಿಯನ್ನು ಅವಳ ಚಿತೆಯಲ್ಲೇ ಸುಟ್ಟೆವು. ಮಿದುಳನ್ನೂ ದಾನ ಮಾಡಬಹುದು ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನನಗೆ ಗೊತ್ತಾದದ್ದು ಎಂ.ಎಸ್ಸಿ.ಯಲ್ಲಿ ಟೌ ಪ್ರೋಟೀನ್ ಬಗ್ಗೆ ಸೆಮಿನಾರ್ ಕೊಡಬೇಕಾಗಿ ಬಂದಾಗ. ಮಿದುಳಿನ ನರಕೋಶದೊಳಗೆ ಸರಕು ಸಾಗಿಸಲು ಸೂಕ್ಷ್ಮ ಕೊಳವೆಗಳಿವೆ. ಅವು ಸಡಿಲವಾಗದಂತೆ ಹಿಡಿಯುವುದು ಟೌ. ಚಪ್ಪರದ ಗಳುಗಳಿಗೆ ಬಿಗಿದ ಹುರಿ ಇದ್ದಹಾಗೆ. ಕಾಯಿಲೆಯಲ್ಲಿ ಈ ಹುರಿ ಬಿಚ್ಚಿಕೊಂಡು ತನ್ನಲ್ಲೇ ಸುತ್ತಿಕೊಂಡು ಗಂಟಾಗುತ್ತದೆ. ಕೊನೆಗೆ ಕೋಶವೇ ಸಾಯುತ್ತದೆ.

ಈ ಗಂಟನ್ನು ಅಲೋಯಿಸ್ ಆಲ್ಝೈಮರ್ 1906ರಲ್ಲಿ ನೋಡಿದ್ದು ಆಗಸ್ಟೆ ಎಂಬ ಮಹಿಳೆ ತೀರಿಕೊಂಡ ಮೇಲೆ, ಅವಳ ಮಿದುಳಿನಲ್ಲಿ. ಅದು ಟೌನಿಂದಾದದ್ದು ಎಂದು ತಿಳಿಯಲು 1986ರವರೆಗೆ ಕಾಯಬೇಕಾಯಿತು. 2017ರಲ್ಲಿ ಕೇಂಬ್ರಿಡ್ಜ್‌ನ ವಿಜ್ಞಾನಿಗಳು ಅದರ ಎಳೆಗಳ ಮಡಿಕೆಯನ್ನು ಪರಮಾಣುಗಳ ಮಟ್ಟದಲ್ಲಿ ತೋರಿಸಿಕೊಟ್ಟರು. ಅದಕ್ಕೂ ಬೇಕಾದದ್ದು ತೀರಿಕೊಂಡ ರೋಗಿಯೊಬ್ಬರ ಮಿದುಳೇ.

ಸೆಮಿನಾರಿನಲ್ಲಿ ನಾನು ನಿಂತುಹೋದದ್ದು ಇದರ ಮುಂದಿನ ಸಂಗತಿಯಲ್ಲಿ. ಪ್ರಯೋಗಾಲಯಗಳಲ್ಲಿ ಟೌಗೆ ಹೆಪಾರಿನ್ ಬೆರೆಸಿ ಇಂಥ ಎಳೆಗಳನ್ನು ತಯಾರಿಸಿಕೊಂಡು ವರ್ಷಗಟ್ಟಲೆ ಸಂಶೋಧನೆ ನಡೆದಿತ್ತು. 2019ರಲ್ಲಿ ಹೋಲಿಸಿ ನೋಡಿದರೆ ಆ ಎಳೆಗಳ ಆಕಾರ ರೋಗಿಗಳ ಮಿದುಳಿನಲ್ಲಿದ್ದಂತೆ ಇರಲೇ ಇಲ್ಲ! ಆಲ್ಝೈಮರ್‌ನದು ಒಂದು ಮಡಿಕೆ, ಪಿಕ್ ಕಾಯಿಲೆಯದು ಇನ್ನೊಂದು, ತಲೆಗೆ ಪದೇಪದೇ ಪೆಟ್ಟು ತಿಂದ ಬಾಕ್ಸರ್‌ಗಳು, ಫುಟ್‌ಬಾಲ್ ಆಟಗಾರರಲ್ಲಿ ಕಾಣುವ ಕಾಯಿಲೆಯದು ಮತ್ತೊಂದು. ಬೀಗ ನೋಡದೆ ಕೀಲಿಕೈ ಮಾಡಲಾಗದು. ಟೌ ವಿರುದ್ಧದ ಹಲವು ಔಷಧಿಗಳು ರೋಗಿಗಳ ಮೇಲಿನ ಪರೀಕ್ಷೆಯಲ್ಲಿ ಸೋತಿವೆ.

ಈಗ ರಕ್ತಪರೀಕ್ಷೆ ಬಂದಿದೆಯಲ್ಲ, ಮಿದುಳು ಯಾಕೆ ಎಂದು ಗೆಳೆಯನೊಬ್ಬ ಕೇಳಿದ. ನಿಜ, ರಕ್ತದಲ್ಲಿನ ಟೌ ಅಳೆಯುವ ಪರೀಕ್ಷೆಗೆ ಅಮೆರಿಕದಲ್ಲಿ 2025ರ ಮೇ ತಿಂಗಳಲ್ಲಿ ಅನುಮತಿ ಸಿಕ್ಕಿದೆ. ಆದರೆ ಇಂಥ ಪರೀಕ್ಷೆ ಎಷ್ಟು ಸರಿ ಎಂದು ಒರೆಗೆ ಹಚ್ಚಿ ನೋಡುವುದು ದಾನಿಗಳ ಮಿದುಳಿನ ಜೊತೆಗೇ.

ಇದು ಮುದುಕರ ವಿಷಯ ಎಂದು ಪುಟ ತಿರುಗಿಸಬೇಡಿ. 2011ರಲ್ಲಿ ಜರ್ಮನಿಯ ಬ್ರಾಕ್ ತಂಡ 1ರಿಂದ 100 ವರ್ಷದವರೆಗಿನ 2,332 ಜನರ ಮಿದುಳು ಪರೀಕ್ಷಿಸಿತು. ಟೌ ಬದಲಾವಣೆಯ ಸುಳಿವೇ ಇಲ್ಲದಿದ್ದದ್ದು 10 ಮಿದುಳುಗಳಲ್ಲಿ ಮಾತ್ರ. ಮೂವತ್ತು ದಾಟದವರಲ್ಲೂ ಅದರ ಮೊದಲ ಗುರುತುಗಳಿದ್ದವು. ಗುರುತಿದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಹೆದರಬೇಕಿಲ್ಲ. ಕೆಲವರಿಗೆ ಯಾಕೆ ಬರುತ್ತದೆ ಎಂಬುದೇ ಪ್ರಶ್ನೆ. ಉತ್ತರಕ್ಕೆ ಆರೋಗ್ಯವಂತರ ಮಿದುಳೂ ಬೇಕು.

ನಮ್ಮ ದೇಶದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂಬ ಅಂದಾಜಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ಅಲ್ಲಿನ ಮ್ಯೂಸಿಯಂನಲ್ಲಿ ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಆದರೆ ನಮ್ಮೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಏಳು ಗಂಟೆ, ಸತ್ತ ಮೇಲೆ ಮಿದುಳು ಕಾಯುವುದಿಲ್ಲ. ಜಿಲ್ಲೆಗೊಂದು ವೈದ್ಯಕೀಯ ಕಾಲೇಜು ಎಂದು ಸರ್ಕಾರ ಹೇಳಿಕೊಳ್ಳುತ್ತದೆ. ಅಲ್ಲೆಲ್ಲ ಮಿದುಳು ಸಂಗ್ರಹಿಸಿ ಕಳಿಸುವ ಏರ್ಪಾಡು ಮಾಡಲಿ. ನಾವು ತುಂಬುವ ದಾನದ ಫಾರಂಗಳಲ್ಲಿ ಮಿದುಳಿಗೂ ಒಂದು ಸಾಲು ಸೇರಿಸಲಿ.

ಕಣ್ಣು ಕೊಟ್ಟರೆ ಯಾರೋ ಒಬ್ಬರು ಲೋಕ ನೋಡುತ್ತಾರೆ. ಮಿದುಳಿನಿಂದ ಹಾಗೆ ಕೈಗೆ ಸಿಗುವ ಫಲವಿಲ್ಲ, ಕಣ್ಣೀರು ತರಿಸುವ ವಿಡಿಯೊ ಕೂಡ ಇಲ್ಲ. ಒಪ್ಪಿಸುವುದು ಕಷ್ಟವಾಗುವುದು ಇಲ್ಲೇ. ನಾವು ಸಹಿ ಹಾಕಿದ್ದರೂ ಕೊನೆಗೆ ಕೊಡಬೇಕಾದವರು ಮನೆಯವರು, ಹಾಗಾಗಿ ಮಾತು ಮನೆಯಲ್ಲೇ ಶುರುವಾಗಬೇಕು. ಹೋದ ತಿಂಗಳು ಊಟದ ಹೊತ್ತಿನಲ್ಲಿ ನಾನು ವಿಷಯ ತೆಗೆದೆ. ಅಮ್ಮ ‘ಅನ್ನದ ಮುಂದೆ ಎಂಥಾ ಮಾತು’ ಎಂದು ಎದ್ದುಹೋದಳು. ಮುಖಕ್ಕೆ ಏನೂ ಆಗುವುದಿಲ್ಲ ಎಂದು ಆಮೇಲೆ ವಿವರಿಸಿದೆ. ಇನ್ನೂ ಒಪ್ಪಿಲ್ಲ. ಅಪ್ಪ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, ಫಾರಂ ಎಲ್ಲಿ ಸಿಗುತ್ತದೆ ಎಂದು ಕೇಳಿದರು.