ಕನಿಕರದ ಸರ್ಟಿಫಿಕೇಟು ಯಾರಿಗೆ ಬೇಕು?

ನಮ್ಮ ಪದವಿ ಕಾಲೇಜುಗಳಲ್ಲಿ ಈಗ ಎಲ್ಲರ ಬಾಯಲ್ಲೂ ಇರುವ ಪದ ಇಂಟರ್ನ್‌ಶಿಪ್. ಓದುತ್ತಿರುವಾಗಲೇ ಕೆಲವು ವಾರ ಅಥವಾ ಕೆಲವು ತಿಂಗಳು ಯಾವುದಾದರೂ ಕಚೇರಿ, ಕಾರ್ಖಾನೆ, ಬ್ಯಾಂಕು ಅಥವಾ ಆಸ್ಪತ್ರೆಯಲ್ಲಿದ್ದು ಕೆಲಸದ ಒಳಹೊರಗನ್ನು ಅರಿತು ಬರುವುದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದು ಕಡ್ಡಾಯ. 2022ರ ಡಿಸೆಂಬರಿನಲ್ಲಿ ಯುಜಿಸಿ ಹೊರಡಿಸಿದ ಪದವಿ ಪಠ್ಯಕ್ರಮದ ಚೌಕಟ್ಟಿನಲ್ಲಿ ಬಿ.ಎ., ಬಿ.ಕಾಂ.ನವರಿಗೂ ಇದಕ್ಕೆ ಕ್ರೆಡಿಟ್ ನೀಡಲಾಗಿದೆ. ಕರ್ನಾಟಕವು 2024-25ರಿಂದ ಮೂರು ವರ್ಷದ ಪದವಿಗೆ ಮರಳಿತೆನ್ನುವುದು ನಿಜ. ಆದರೆ ಕೆಲಸ ಕೊಡುವವರ ಪ್ರಶ್ನೆ ಹಿಂದಕ್ಕೆ ಹೋಗಿಲ್ಲ. ಸಂದರ್ಶನದಲ್ಲಿ ಅಂಕಪಟ್ಟಿಗಿಂತ ಮೊದಲು ಅವರು ಕೇಳುವುದು, "ಎಲ್ಲಾದರೂ ಕೆಲಸ ಮಾಡಿದ ಅನುಭವ ಇದೆಯಾ?" ಎಂದೇ.

ಈ ಪ್ರಶ್ನೆಗೆ ಅಂಗವಿಕಲ ವಿದ್ಯಾರ್ಥಿಯ ಬಳಿ ಉತ್ತರವಿರುವುದಿಲ್ಲ. ಇದಕ್ಕೆ ಸೋಮಾರಿತನ ಕಾರಣವಲ್ಲ, ದಡ್ಡತನವೂ ಅಲ್ಲ. ನಾವೆಲ್ಲ ಸೇರಿ ಅವನಿಗೆ ತೋರಿಸಿದ 'ದಯೆ'ಯೇ ಕಾರಣ.

ದೊಡ್ಡಬಳ್ಳಾಪುರದ ಒಬ್ಬ ಬಿ.ಕಾಂ. ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಪೋಲಿಯೋದಿಂದ ಎರಡೂ ಕಾಲು ಸೋತಿವೆ, ಊರುಗೋಲಿನಲ್ಲಿ ನಡೆಯುತ್ತಾಳೆ. ಲೆಕ್ಕದಲ್ಲಿ ಮುಂದು. ತರಗತಿಯವರೆಲ್ಲ ಆಡಿಟರ್ ಕಚೇರಿಗೋ ಗಾರ್ಮೆಂಟ್ಸ್ ಕಂಪನಿಯ ಅಕೌಂಟ್ಸ್ ವಿಭಾಗಕ್ಕೋ ಹೊರಟಾಗ ಇವಳ ಮೇಷ್ಟ್ರು ಕರೆದು ಹೇಳುತ್ತಾರೆ: "ನಿನಗ್ಯಾಕಮ್ಮ ಓಡಾಟದ ಕಷ್ಟ? ಗೊತ್ತಿದ್ದವರ ಹತ್ತಿರ ಒಂದು ಲೆಟರ್ ತಂದುಕೊಡು, ಮಾರ್ಕ್ಸ್ ಹಾಕುತ್ತೇನೆ." ಮೇಷ್ಟ್ರು ಕೆಟ್ಟವರಲ್ಲ. ಮನೆಯವರಿಗೂ ನೆಮ್ಮದಿ. ಹುಡುಗಿಯ ಕೈಗೆ ಸರ್ಟಿಫಿಕೇಟು ಬರುತ್ತದೆ, ಕೆಲಸ ಮಾತ್ರ ಬರುವುದಿಲ್ಲ. ಕಚೇರಿಯೊಂದರ ತಿಂಗಳ ಕೊನೆಯ ಗಡಿಬಿಡಿ ಹೇಗಿರುತ್ತದೆ, ಜಿಎಸ್‌ಟಿ ಲೆಕ್ಕ ಸಲ್ಲಿಸುವ ದಿನ ಯಾರು ಯಾರನ್ನು ಬೈಯುತ್ತಾರೆ, ತಪ್ಪಾದರೆ ಯಾರ ಬಳಿ ಕೇಳಬೇಕು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಕಲಿಯುವ ಒಂದೇ ಒಂದು ಅವಕಾಶವನ್ನು ನಾವು ಕನಿಕರದ ಹೆಸರಿನಲ್ಲಿ ಅವಳಿಂದ ಕಿತ್ತುಕೊಂಡೆವು. ಬಾಗಿಲು ಮುಚ್ಚುವವನ ಜೊತೆ ಜಗಳವಾಡಬಹುದು. ನಯವಾಗಿ ತಲೆ ಸವರಿ ಮನೆಗೆ ಕಳುಹಿಸುವವರ ಜೊತೆ ಜಗಳವಾಡುವುದು ಹೇಗೆ?

ಹೆಸರು ಬದಲಿಸುವುದರಲ್ಲಂತೂ ನಾವು ನಿಸ್ಸೀಮರು. ಅಂಗವಿಕಲ ಎಂಬುದು ಒರಟಾಯಿತೆಂದು 'ವಿಕಲಚೇತನ' ಎಂದೆವು. ಕಾಲು ಊನವಾದವನ ಚೇತನವೇ ಊನವೆಂಬ ಅರ್ಥ ಬರುವ ಈ ಪದ ಹೇಗೆ ಗೌರವದ್ದಾಯಿತೋ ನಮಗಂತೂ ತಿಳಿಯದು. 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು 'ದಿವ್ಯಾಂಗ' ಎಂದರು. ಪದ ದಿವ್ಯವಾಯಿತು, ಮೆಟ್ಟಿಲು ಮಾತ್ರ ಇದ್ದಲ್ಲೇ ಇದೆ.

ಬೆಂಗಳೂರು ಗ್ರಾಮಾಂತರವೆಂದು ನಾವು ಕರೆಯುತ್ತಾ ಬಂದ ಈ ಜಿಲ್ಲೆಯನ್ನೇ ನೋಡಿ. 1986ರಲ್ಲಿ ಹುಟ್ಟಿದ ಜಿಲ್ಲೆಗೆ 'ಬೆಂಗಳೂರು ಉತ್ತರ' ಎಂದು ಹೆಸರಿಡಲು 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ತೀರ್ಮಾನಿಸಿತು. ಉದ್ಯೋಗಕ್ಕೆ ಬರವಿರುವ ನೆಲವೇನೂ ಇದಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. 2024ರ ಜನವರಿಯಲ್ಲಿ ಅದೇ ತಾಲ್ಲೂಕಿನಲ್ಲಿ 43 ಎಕರೆಯ, 1,600 ಕೋಟಿ ರೂಪಾಯಿಯ ಬೋಯಿಂಗ್ ಕೇಂದ್ರದ ಉದ್ಘಾಟನೆಯಾಯಿತು. ಫಾಕ್ಸ್‌ಕಾನ್ ಬಂದಿದೆ. ದೊಡ್ಡಬಳ್ಳಾಪುರದಲ್ಲಿ ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳೂ ಅಪೇರಲ್ ಪಾರ್ಕೂ ಇವೆ. ಹೊಸಕೋಟೆಯಲ್ಲಿ ವೋಲ್ವೊ, ನೆಲಮಂಗಲದಲ್ಲಿ ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶ. ಇವುಗಳಿಗಾಗಿ ಜಮೀನು ಬಿಟ್ಟುಕೊಟ್ಟವರು ಇದೇ ತಾಲ್ಲೂಕುಗಳ ರೈತರು. ಆ ರೈತರ ಮನೆಗಳಲ್ಲಿ ಕಣ್ಣು ಕಾಣದ, ಕಿವಿ ಕೇಳದ, ಕಾಲು ನಡೆಯದ ಮಕ್ಕಳೂ ಇದ್ದಾರೆ. 2011ರ ಜನಗಣತಿಯಂತೆ ರಾಜ್ಯದಲ್ಲಿ ಅಂಗವೈಕಲ್ಯವಿರುವವರು 13,24,205 ಮಂದಿ. ಆ ಮಕ್ಕಳಲ್ಲಿ ಹಟ ತೊಟ್ಟು ಪದವಿಯವರೆಗೆ ಬಂದವರಿಗೆ ಈ ಕಾಂಪೌಂಡುಗಳ ಗೇಟು ಎಷ್ಟು ದೂರ?

ಸ್ಥಳೀಯರಿಗೆ ಉದ್ಯೋಗ ಎಂಬ ಕೂಗು ಆಗಾಗ ಏಳುತ್ತದೆ. ಡಾ. ಸರೋಜಿನಿ ಮಹಿಷಿ ವರದಿಯಿಂದ ಹಿಡಿದು, 2024ರ ಜುಲೈನಲ್ಲಿ ಸಂಪುಟ ಒಪ್ಪಿ ಮರುಕ್ಷಣವೇ ತಡೆಹಿಡಿದ ಮಸೂದೆಯವರೆಗೆ ಅದರ ಕತೆ ಎಲ್ಲರಿಗೂ ಗೊತ್ತು. ಆದರೆ ಇವರೆಲ್ಲರ ಪೈಕಿ ಅತ್ಯಂತ ಸ್ಥಳೀಯ ಯಾರು? ಉಳಿದವರು ಮೆಜೆಸ್ಟಿಕ್ಕಿಗೆ ಬಸ್ಸು ಹತ್ತಿ, ಅಲ್ಲಿಂದ ಮೆಟ್ರೋ ಹಿಡಿದು ವೈಟ್‌ಫೀಲ್ಡಿಗೆ ಹೋಗಬಲ್ಲರು. ಗಾಲಿಕುರ್ಚಿಯ ಹುಡುಗ ಹೋಗಲಾರ. ಅವನಿಗೆ ಹತ್ತು ಕಿಲೋಮೀಟರಿನೊಳಗೆ ಸಿಕ್ಕಿದ ಕೆಲಸವೇ ಕೆಲಸ. ಅಂಗವಿಕಲರಿಗೆ ರಿಯಾಯಿತಿ ಬಸ್ ಪಾಸಿದೆ, ಅಂಧರಿಗೆ ಉಚಿತ ಪಾಸಿದೆ, ಸಂತೋಷವೇ. ಆದರೆ ಸಾಮಾನ್ಯ ಕೆಂಪು ಬಸ್ಸಿನ ಮೊದಲ ಮೆಟ್ಟಿಲು ಪಾಸು ನೋಡಿ ತಗ್ಗುವುದಿಲ್ಲ.

ಕಾನೂನು ಇಲ್ಲವೇ? ಇದೆ, ಚೆನ್ನಾಗಿಯೇ ಇದೆ. ಅದು ಯಾರೋ ಕರುಣಿಸಿದ್ದೂ ಅಲ್ಲ. 1995ರ ಡಿಸೆಂಬರಿನಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತ ಜಾವೇದ್ ಆಬಿದಿಯಂಥವರು ದಿಲ್ಲಿಯಲ್ಲಿ ಬೀದಿಗಿಳಿದ ಮೇಲೆಯೇ ಸಂಸತ್ತು ಮೊದಲ ಕಾಯ್ದೆಯನ್ನು ಅಂಗೀಕರಿಸಿದ್ದು. ವಿಮಾನ ಹತ್ತಲು ಗಾಲಿಕುರ್ಚಿಯವರಿಗೆ ವ್ಯವಸ್ಥೆ ಬೇಕೆಂದು ಅದೇ ಆಬಿದಿ ಸುಪ್ರೀಂ ಕೋರ್ಟಿಗೆ ಹೋದರು, 1998ರಲ್ಲಿ ತೀರ್ಪೂ ಬಂತು. 2018ರಲ್ಲಿ ಅವರು ತೀರಿಕೊಂಡರು. ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5 ಸೀಟು, ಸರ್ಕಾರಿ ಹುದ್ದೆಗಳಲ್ಲಿ ಶೇ. 4 ಮೀಸಲು.

ಸೀಟು ಸಿಕ್ಕಿತು, ಮುಂದೊಂದು ದಿನ ಹುದ್ದೆಯೂ ಸಿಗಬಹುದು. ಇವೆರಡರ ನಡುವಿನ ಸೇತುವೆಯೇ ಇಂಟರ್ನ್‌ಶಿಪ್. ಆ ಸೇತುವೆಗೆ ಶೇಕಡಾವಾರು ಇಲ್ಲ. ಇಂಟರ್ನ್ ಎಂದರೆ ನೌಕರನಲ್ಲ, ಹೊರಗೆ ಹೋದಾಗ ಪೂರ್ತಿ ವಿದ್ಯಾರ್ಥಿಯೂ ಅಲ್ಲ. ಕಾಲೇಜು ಕಂಪನಿಯ ಕಡೆಗೆ ಕೈ ತೋರಿಸುತ್ತದೆ, ಕಂಪನಿ ಕಾಲೇಜಿನ ಕಡೆಗೆ. ಖಾಸಗಿಯವರ ವಿಷಯಕ್ಕೆ ಬಂದರೆ ಕಾಯ್ದೆಯ 35ನೇ ಕಲಂ, ತಮ್ಮ ಕೆಲಸಗಾರರಲ್ಲಿ ಕನಿಷ್ಠ ಶೇ. 5 ಮಂದಿ ಅಂಗವಿಕಲರಿರುವಂತೆ ನೋಡಿಕೊಳ್ಳಲು ಸರ್ಕಾರ ಅವರಿಗೆ ಪ್ರೋತ್ಸಾಹ ನೀಡಬೇಕೆನ್ನುತ್ತದೆ, ಅದೂ ಸರ್ಕಾರದ 'ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ'. ಕೈಗಾರಿಕೆಗೆ ಅಗ್ಗದ ಜಮೀನು, ತೆರಿಗೆ ವಿನಾಯಿತಿ ಕೊಡುವಾಗ ನೆನಪಾಗದ ಈ ಮಿತಿ ಇಲ್ಲಿ ಮಾತ್ರ ಹೇಗೆ ನೆನಪಾಯಿತು?

1961ರ ಅಪ್ರೆಂಟಿಸ್ ಕಾಯ್ದೆಯದು ಇನ್ನೊಂದು ಕತೆ. 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕೆಂಬ ನಿಯಮ ಅದರಡಿ ಇದೆ. ಆದರೆ ಅದರ 3ನೇ ಕಲಂ ವಿದ್ಯೆಯ ಜೊತೆಗೆ 'ದೈಹಿಕ ಅರ್ಹತೆ'ಯ ಮಾನದಂಡವನ್ನೂ ಬರೆದಿಟ್ಟಿದೆ. ಬಾಗಿಲಲ್ಲೇ ನಿಲ್ಲಿಸಬೇಕೆಂದು ಬಯಸುವವನಿಗೆ ಇಷ್ಟು ಸಾಕು. 2024ರ ಅಕ್ಟೋಬರಿನಲ್ಲಿ ಡಂಗುರದೊಂದಿಗೆ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ತಿಂಗಳಿಗೆ 5,000 ರೂಪಾಯಿ ಘೋಷಿಸಿತು. ಪೂರ್ಣಾವಧಿ ಓದುತ್ತಿರುವವರು ಅರ್ಜಿ ಹಾಕುವಂತಿರಲಿಲ್ಲ! ಕಾಲೇಜು ಹುಡುಗರಿಗೆ ಅದರಿಂದೇನು ಬಂತು?

ಕಂಪನಿಗಳ ವಾದಗಳನ್ನೂ ಕೇಳೋಣ. ಒಂದು, ಸುರಕ್ಷತೆ. ಯಂತ್ರಗಳ ನಡುವೆ ಅಪಾಯವಲ್ಲವೇ ಎನ್ನುತ್ತಾರೆ. ಕುಲುಮೆಯ ಪಕ್ಕ ಕುರುಡನನ್ನು ನಿಲ್ಲಿಸಿ ಎಂದು ಯಾರೂ ಕೇಳಿಲ್ಲ. ಪ್ರತಿ ಕಾರ್ಖಾನೆಗೂ ಲೆಕ್ಕಪತ್ರ, ಖರೀದಿ, ಸಿಬ್ಬಂದಿ ವಿಭಾಗ, ವಿನ್ಯಾಸ, ಗುಣಮಟ್ಟದ ದಾಖಲೆ ಎಂಬುವು ಇರುವುದಿಲ್ಲವೇ? ಇನ್ನೊಂದು, ಖರ್ಚು. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶ 2006ರಿಂದಲೂ ಉಚಿತವಾಗಿ ಸಿಗುತ್ತಿದೆ, ಕನ್ನಡವನ್ನೂ ಓದುತ್ತದೆ. ಕಿವಿ ಕೇಳದವನಿಗೆ ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಅರ್ಧ ಕೆಲಸ ಮುಗಿಯಿತು. ಮೇಲಿನ ಮಹಡಿಯ ಮೇಜನ್ನು ಕೆಳಗೆ ತಂದಿಡಲು ಇಬ್ಬರು ಆಳು, ಹತ್ತು ನಿಮಿಷ. ಇದನ್ನೇ ಕಾಯ್ದೆ ಸೂಕ್ತ ಹೊಂದಾಣಿಕೆ ಎನ್ನುತ್ತದೆ. ಮಿತಿಮೀರಿದ ಹೊರೆ ಹೊರಬೇಕೆಂದು ಅದೂ ಹೇಳುವುದಿಲ್ಲ. ಈ ಹೊಂದಾಣಿಕೆ ಔದಾರ್ಯವಲ್ಲ, ಸಮಾನತೆಯ ಭಾಗವೆಂದು ಸುಪ್ರೀಂ ಕೋರ್ಟು 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಕಟ್ಟಡ, ಸಾರಿಗೆಗಳ ಮಾನದಂಡ ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕೆಂದಿದೆ.

ಖಾಸಗಿಯವರನ್ನಷ್ಟೇ ದೂರಿ ಸುಮ್ಮನಾಗುವಂತಿಲ್ಲ. ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದಲ್ಲಿ ಜಿಲ್ಲಾಡಳಿತ ಭವನ ಎದ್ದು ನಿಂತಿದೆ. ಹೊಸಕೋಟೆ, ನೆಲಮಂಗಲದವರಿಗೆ ಅಲ್ಲಿಗೆ ಹೋಗುವುದೇ ಒಂದು ಪ್ರಯಾಣ. ಜಿಲ್ಲಾ ಕೈಗಾರಿಕಾ ಕೇಂದ್ರವೂ ಅಂಗವಿಕಲರ ಕಲ್ಯಾಣಾಧಿಕಾರಿಯೂ ಒಂದೇ ಜಿಲ್ಲಾಡಳಿತದ ಎರಡು ಕೈಗಳು. ಒಂದು ಕೈ ಬಳಿ ಕಾರ್ಖಾನೆಗಳ ಪಟ್ಟಿ, ಇನ್ನೊಂದರ ಬಳಿ ಮಕ್ಕಳ ಪಟ್ಟಿ. ಎರಡನ್ನೂ ಒಂದೇ ಮೇಜಿನ ಮೇಲೆ ಇಡಲು ಯಾವ ಆದೇಶ ಬೇಕು? ಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ತಾವೂ ಅಂಗವಿಕಲರಾದ ಇವರು ಅಲ್ಪ ಗೌರವಧನಕ್ಕೆ ದುಡಿಯುತ್ತಾ, ಯಾವ ಮನೆಯಲ್ಲಿ ಯಾವ ಮಗು ಏನು ಓದುತ್ತಿದೆಯೆಂದು ಬಲ್ಲವರು. ಅವರನ್ನು ಪಿಂಚಣಿ ಅರ್ಜಿ ತುಂಬಿಸಲು ಮಾತ್ರ ಬಳಸುತ್ತಿದ್ದೇವೆ. ತಾಲ್ಲೂಕು ಕಚೇರಿ, ಖಜಾನೆ, ತಾಲ್ಲೂಕು ಪಂಚಾಯತಿಗಳೇ ವರ್ಷಕ್ಕೆ ಇಬ್ಬರಂತೆ ಅಂಗವಿಕಲ ವಿದ್ಯಾರ್ಥಿಗಳನ್ನು ಇಂಟರ್ನ್‌ಗಳಾಗಿ ಕರೆದುಕೊಂಡರೆ, ಆಮೇಲೆ ಕಾರ್ಖಾನೆಗಳ ಮುಂದೆ ನಿಂತು ಕೇಳುವ ನೈತಿಕ ಹಕ್ಕಾದರೂ ಬಂದೀತು.

ನಮ್ಮ ಸಂಘ ಸಂಸ್ಥೆಗಳಿಗೂ ಒಂದು ಮಾತು. ಮಠವಿರಲಿ, ಮಸೀದಿ ಸಮಿತಿಯಿರಲಿ, ರೋಟರಿಯಿರಲಿ, ಅಂಗವಿಕಲರೆಂದರೆ ಗಾಲಿಕುರ್ಚಿ ವಿತರಣೆ, ವೇದಿಕೆ, ಫೋಟೋ ಎಂದಾಗಿದೆ. ಆ ವೇದಿಕೆಯ ಮೇಲೆ ಕೂತವರಲ್ಲಿ ಅಂಗಡಿ, ನರ್ಸಿಂಗ್ ಹೋಂ, ಗಾರ್ಮೆಂಟ್ಸ್, ಶಾಲೆಗಳ ಮಾಲೀಕರಿರುತ್ತಾರೆ. ಕುರ್ಚಿ ಕೊಟ್ಟ ಕೈಯಿಂದಲೇ ಎರಡು ತಿಂಗಳು ತಮ್ಮ ಆಫೀಸಿನಲ್ಲಿ ಕೆಲಸ ಕಲಿಸಲು ಅವರಿಗೇನು ಅಡ್ಡಿ? ಕುರ್ಚಿ ಪಡೆದವನು ಅದರಲ್ಲಿ ಕೂತು ಎಲ್ಲಿಗೆ ಹೋಗಬೇಕೆಂದು ಅವರು ಯೋಚಿಸಿದ್ದಾರೆಯೇ?

ಇನ್ನು ಓದುಗರು ಮಾಡಬಹುದಾದ ಒಂದು ಕೆಲಸ. ಕಾಯ್ದೆಯ 21ನೇ ಕಲಂ ಪ್ರಕಾರ ಪ್ರತಿ ಸಂಸ್ಥೆ ಸಮಾನ ಅವಕಾಶ ನೀತಿಯನ್ನು ಬರೆದು ಪ್ರಕಟಿಸಬೇಕು, ಅದರ ಪ್ರತಿಯನ್ನು ಅಂಗವಿಕಲರ ಆಯುಕ್ತರಲ್ಲಿ ನೋಂದಾಯಿಸಬೇಕು. 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆ ಇದಕ್ಕೆಂದೇ ಒಬ್ಬ ಸಂಪರ್ಕಾಧಿಕಾರಿಯನ್ನು ನೇಮಿಸಬೇಕು. ಕಾಯ್ದೆ ಉಲ್ಲಂಘಿಸಿದರೆ ಮೊದಲ ಬಾರಿಗೆ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ದಂಡವಿದೆ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ರಾಜ್ಯ ಆಯುಕ್ತರ ಕಚೇರಿಗೆ ನಾಲ್ಕೂ ತಾಲ್ಲೂಕುಗಳಿಂದ ಒಂದೊಂದು ಅರ್ಜಿ ಹೋಗಲಿ: ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಎಷ್ಟು ಸಂಸ್ಥೆಗಳು ಈ ನೀತಿಯನ್ನು ನೋಂದಾಯಿಸಿವೆ? ಅವುಗಳ ಹೆಸರೇನು? ನೋಂದಾಯಿಸದವರಿಗೆ ಈವರೆಗೆ ಎಷ್ಟು ನೋಟಿಸು ಹೋಗಿದೆ?