‘ಎನ್’ ಅಂದ್ರೆ ‘ಪಿ’ ಅಲ್ಲ

ಎಪಿಸೈಕ್ಲಿಕ್ ಗೇರ್ ಟ್ರೇನಿನ ಚಿತ್ರ ಬರೆದು ಹತ್ತಕ್ಕೆ ಹತ್ತು ಮಾರ್ಕ್ಸ್ ತಗೊಂಡವರು ನಾವು. ಆದ್ರೂ ಕಳೆದ ತಿಂಗಳು ಗೆಳೆಯನ ಮನೆಯ ಹೊಸ ಎಎಂಟಿ ಕಾರನ್ನು ಇಳಿಜಾರಿನಲ್ಲಿ ‘ಎನ್’ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯದೆ ಇಳಿದುಬಿಟ್ವಿ. ಕಾರು ತಾನಾಗಿ ಹಿಂದಕ್ಕೆ ಉರುಳಿ ಕಾಂಪೌಂಡಿಗೆ ಗುದ್ದಿತು. ಎರಡು ನಿಮಿಷದ ಮುಂಚೆ ಅಲ್ಲೇ ಅವನ ತಂಗಿ ನಿಂತಿದ್ದಳು.

‘ಆಟೋಮ್ಯಾಟಿಕ್ ತಾನೇ, ಕಲಿಯೋಕೆ ಏನಿದೆ?’ ಅನ್ನೋ ಧೈರ್ಯವೇ ತಪ್ಪು. ‘ಆರ್’ ಹಿಂದಕ್ಕೆ, ‘ಡಿ’ ಮುಂದಕ್ಕೆ. ಇದು ಎಲ್ಲರಿಗೂ ಗೊತ್ತು. ಎಡವೋದು ಉಳಿದೆರಡರಲ್ಲಿ. ‘ಎನ್’ನಲ್ಲಿ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಇರಲ್ಲ, ಬ್ರೇಕ್ ಬಿಟ್ಟರೆ ಚಕ್ರವನ್ನು ಹಿಡಿಯೋರು ಯಾರೂ ಇಲ್ಲ. ‘ಪಿ’ಯಲ್ಲಿ ಗೇರ್‌ಬಾಕ್ಸಿನೊಳಗೆ ಒಂದು ಸಣ್ಣ ಕೊಂಡಿ ಹಲ್ಲಿನ ಚಕ್ರಕ್ಕೆ ಸಿಕ್ಕಿ ಔಟ್‌ಪುಟ್ ಶಾಫ್ಟನ್ನು ತಡೆಯುತ್ತೆ. ಇಳಿಜಾರಿನಲ್ಲಿ ಕಾರಿನ ಇಡೀ ಭಾರವನ್ನು ಆ ಕೊಂಡಿಗೆ ಹೊರಿಸೋದೂ ಸರಿಯಲ್ಲ. ಬ್ರೇಕ್ ತುಳಿದಿರುವಾಗಲೇ ಹ್ಯಾಂಡ್‌ಬ್ರೇಕ್ ಎಳೆಯಬೇಕು, ಆಮೇಲೆ ‘ಪಿ’.

ನಮ್ಮ ದೇಶದಲ್ಲಿ 2014ರಿಂದ ಮಾರಾಟಕ್ಕೆ ಬಂದ ಎಎಂಟಿ ಕಾರುಗಳಲ್ಲಿ ಬಹುಪಾಲಿನವಕ್ಕೆ ‘ಪಿ’ಯೇ ಇಲ್ಲ. ಒಳಗಿರೋದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸು. ಕ್ಲಚ್ ಒತ್ತಿ ಗೇರ್ ಬದಲಿಸೋ ಕೆಲಸ ಮಾತ್ರ ನಮ್ಮ ಬದಲು ಯಂತ್ರ ಮಾಡುತ್ತೆ. ಅಲ್ಲಿ ಹ್ಯಾಂಡ್‌ಬ್ರೇಕೇ ಗತಿ. ಜೊತೆಗೆ ಗೇರಿನಲ್ಲೇ ಇಟ್ಟು ಎಂಜಿನ್ ಆಫ್ ಮಾಡಿದರೆ ಇನ್ನೂ ಒಳ್ಳೇದು.

ಶೋರೂಮಿನವರು ಕೀ ಕೊಡುವಾಗ ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕು ಅನ್ನೋದು ನಮ್ಮ ಅಭಿಪ್ರಾಯ. ಅಲ್ಲೀತನಕ ಅಪ್ಪ ಅಮ್ಮನನ್ನು ಕೂರಿಸಿ ಹೇಳಿಕೊಡೋದು ನಮ್ಮ ಕೆಲಸ. ಹತ್ತು ಮಾರ್ಕ್ಸಿನ ಆ ಚಿತ್ರಕ್ಕೆ ಆಗಲಾದ್ರೂ ಬೆಲೆ ಬರುತ್ತೆ.