ಆ್ಯಪ್‌ಗಿಂತ ಅಂಗಡಿ ವಾಟ್ಸಾಪ್ ವಾಸಿ, ಆದರೆ ರೇಟು?

2021ರ ಮೇ 10ರಿಂದ ಲಾಕ್‌ಡೌನ್ ಬಿಗಿಯಾದ ಮೇಲೆ ದಿನಸಿ ತರೋಕೆ ಸಿಗ್ತಿದ್ದದ್ದು ಬೆಳಿಗ್ಗೆ 6ರಿಂದ 10 ಮಾತ್ರ. ಹೋಂ ಡೆಲಿವರಿಗೆ ಸರ್ಕಾರವೇ ಅವಕಾಶ ಕೊಟ್ಟಿತ್ತು. ಆದರೆ ಮನೆಗೆ ತಂದುಕೊಡೋರು ಯಾರಿದ್ದರು?

ಬೆಂಗಳೂರಿನವರಿಗೆ ಆಗ ಬಿಗ್‌ಬಾಸ್ಕೆಟ್, ಗ್ರೋಫರ್ಸ್ ಇದ್ದವು. 2020ರ ಮಾರ್ಚ್‌ನಲ್ಲಿ ಮೊದಲ ಲಾಕ್‌ಡೌನ್ ಆದಾಗ ಅವೂ ಕೈಚೆಲ್ಲಿದ್ದವು. ಸಾಮಾನು ಸಾಗಾಟಕ್ಕೇ ತಡೆ ಬಿದ್ದು ಆರ್ಡರ್ ನಿಂತಿತ್ತು. ಹಳ್ಳಿ ಕಡೆ ಪಿನ್‌ಕೋಡ್ ಹಾಕಿದರೆ ಇಂಥ ಆ್ಯಪ್‌ಗಳು ಸಾಮಾನ್ಯವಾಗಿ ಬಾಗಿಲು ತೆರೆಯೋದೇ ಇಲ್ಲ. ಅಮೆಜಾನ್, ಫ್ಲಿಪ್‌ಕಾರ್ಟ್‌ನಲ್ಲಿ ಸೋಪು, ಟೀಪುಡಿ ಬರಬಹುದು, ಅದೂ ದಿನಗಟ್ಟಲೆ ಕಾದ ಮೇಲೆ. ಸೊಪ್ಪು ಹಾಗೆ ಕಾಯಲ್ಲ.

ಇಲ್ಲಿ ಕೆಲಸಕ್ಕೆ ಬರೋದು ದಿನಸಿ ಅಂಗಡಿಯ ವಾಟ್ಸಾಪೇ. ಚೀಟಿ ಫೋಟೊ ಕಳಿಸಿದರೆ ಹುಡುಗ ಬೈಕಲ್ಲಿ ತರ್ತಾನೆ. ದುಡ್ಡಿಲ್ಲದಿದ್ದರೆ ಅಂಗಡಿಯವರು ಸಾಲದ ಪುಸ್ತಕದಲ್ಲಿ ಬರ್ಕೋತಾರೆ. ಕೂಲಿ ನಿಂತ ಮನೆಗೆ ಅದು ಸಣ್ಣ ಮಾತಲ್ಲ.

ತಕರಾರು ಇರೋದು ರೇಟಿನಲ್ಲಿ. ಆ್ಯಪ್‌ನಲ್ಲಿ ದರ ಮೊದಲೇ ಕಾಣುತ್ತೆ. ಚೀಟಿ ಕಳಿಸಿದವರಿಗೆ ಸಾಮಾನು ಬಂದ ಮೇಲೇ ಗೊತ್ತಾಗೋದು. ಪ್ಯಾಕೆಟ್ ಮೇಲಾದರೆ ಎಂಆರ್‌ಪಿ ಇರುತ್ತೆ. ಬಿಡಿಯಾಗಿ ತೂಗೋ ಬೇಳೆ, ಬೆಲ್ಲಕ್ಕೆ? ಬೆಳಿಗ್ಗೆಯೇ ಆ ದಿನದ ದರಪಟ್ಟಿ ಗ್ರೂಪಿಗೆ ಹಾಕಿಬಿಟ್ಟರೆ, ಡೆಲಿವರಿಗೆ ಅಂತ 20 ರೂಪಾಯಿ ಕೇಳಿದರೂ ಗಿರಾಕಿ ಬೇಜಾರಿಲ್ಲದೆ ಕೊಡ್ತಾರೆ.